ಪರಿಹಾರದ ಚೆಕ್ ಆಮೇಲೆ, ಮೊದಲು ನೀರಿಗೆ ದಾರಿ ಕೊಡಿ

ಕಬಿನಿ ತುಂಬಿ ಬಂದರೆ ನಮ್ಮ ಕಡೆಗೆ ಎಲ್ಲರೂ ಬರುತ್ತಾರೆ. ಟಿವಿಯವರು ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿದ್ದನ್ನು ತೋರಿಸುತ್ತಾರೆ. ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿ ಬಂದ್ ಆದದ್ದನ್ನು ಡ್ರೋನ್ ಹಾರಿಸಿ ಹಿಡಿಯುತ್ತಾರೆ. ಸುತ್ತೂರು ಸೇತುವೆ ಮುಳುಗಿತು, ತಿ. ನರಸೀಪುರದ ಸಂಗಮದಲ್ಲಿ ನೀರು ಏರಿತು ಎಂದು ನಾನೂ ಬರೆದು ಕಳಿಸುತ್ತೇನೆ. ಅದಕ್ಕೆ ಒಳ್ಳೆ ಜಾಗ ಸಿಗುತ್ತದೆ, ಫೋಟೊ ಸಮೇತ. 2018ರಲ್ಲಿ ಹಾಗೇ ಆಯಿತು. 2019ರ ಆಗಸ್ಟ್‌ನಲ್ಲಿ ಕಬಿನಿಯಿಂದ ಬಿಟ್ಟ ನೀರು ಒಂದು ಲಕ್ಷ ಕ್ಯುಸೆಕ್ ದಾಟಿದಾಗಲೂ ಹಾಗೇ ಆಯಿತು.

ಇನ್ನೊಂದು ನೆರೆ ಇದೆ. ಅದಕ್ಕೆ ಯಾರೂ ಬರುವುದಿಲ್ಲ. ಅಣೆಕಟ್ಟೆ ಗೇಟು ತೆಗೆದಿರುವುದಿಲ್ಲ, ನದಿ ತನ್ನ ಪಾಡಿಗೆ ತಾನು ಹರಿಯುತ್ತಿರುತ್ತದೆ. ರಾತ್ರಿ ಎರಡು ಗಂಟೆ ಜೋರು ಮಳೆ ಹೊಯ್ದಿರುತ್ತದೆ, ಅಷ್ಟೇ. ಬೆಳಿಗ್ಗೆ ಎದ್ದು ನೋಡಿದರೆ ತಗ್ಗಿನ ಕೇರಿಯ ಮನೆಗಳಲ್ಲಿ ಮೊಣಕಾಲುದ್ದ ನೀರು. ಒಲೆ ಒದ್ದೆ, ರಾಗಿ ಮೂಟೆ ಒದ್ದೆ. ಗದ್ದೆಯಲ್ಲಿ ನಾಟಿ ಮಾಡಿ ಹತ್ತು ದಿನ ಆದ ಪೈರು ಕಾಣುತ್ತಲೇ ಇಲ್ಲ. ಆ ನೀರು ಒಂದು ವಾರ ನಿಲ್ಲುತ್ತದೆ. ಪೈರು ಕೊಳೆಯುತ್ತದೆ, ವಾಸನೆ ಬರುತ್ತದೆ, ಸೊಳ್ಳೆ ಬರುತ್ತದೆ. ಊರಿನ ತಗ್ಗಿನಲ್ಲಿ ಇರುವುದು ಸಾಮಾನ್ಯವಾಗಿ ಯಾರ ಕೇರಿ ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಈ ಎರಡನೇ ನೆರೆಯ ಬಗ್ಗೆ ಮಾತಾಡುತ್ತಿದ್ದೇನೆ. ಯಾಕೆಂದರೆ ವಯನಾಡಿನಲ್ಲಿ ಸುರಿಯುವ ಮಳೆಯನ್ನು ನಂಜನಗೂಡಿನ ತಹಶೀಲ್ದಾರರು ತಡೆಯಲಾರರು. ಆದರೆ ಗೋಮಾಳದ ಮೇಲೆ ಮೂರಡಿ ಅಗಲದ ಕಾಲುವೆ ತೆಗೆಯಲು ಬಿಡಬಹುದಲ್ಲ? ರಸ್ತೆ ಕೆಳಗಿನ ಮೋರಿ ದೊಡ್ಡದು ಮಾಡಿಸಬಹುದಲ್ಲ? ಇಷ್ಟು ಸಣ್ಣ ಕೆಲಸ ಯಾಕೆ ಆಗುತ್ತಿಲ್ಲ ಅನ್ನುವುದೇ ನನ್ನ ಜಗಳ.

ಒಂದು ಊರು ಅಂದುಕೊಳ್ಳಿ. ಹೆಸರು ಬೇಡ, ನಿಮ್ಮೂರಿನ ಹೆಸರು ಹಾಕಿಕೊಂಡು ಓದಿ. ಮೇಲುಗಡೆ ಕೆರೆ, ಕೆಳಗಡೆ ಗದ್ದೆ ಬಯಲು. ನಡುವೆ ಹಳೇ ಹಳ್ಳ. ಅಜ್ಜನ ಕಾಲದಲ್ಲಿ ಕೆರೆ ಕೋಡಿ ಬಿದ್ದರೆ ನೀರು ಆ ಹಳ್ಳದಲ್ಲಿ ಇಳಿದು ಹೋಗುತ್ತಿತ್ತು. ಕೋಡಿ ಬಿದ್ದ ದಿನ ಊರಿನವರೆಲ್ಲ ಹೋಗಿ ಅರಿಶಿನ ಕುಂಕುಮ ಬಿಟ್ಟು ಬರುತ್ತಿದ್ದರು. ಆಮೇಲೆ ಏನಾಯಿತು? ರಸ್ತೆಗೆ ಡಾಂಬರು ಬಂತು. ಐದು ವರ್ಷಕ್ಕೊಂದು ಸಲ ಹಳೇ ಡಾಂಬರಿನ ಮೇಲೆ ಹೊಸ ಡಾಂಬರು, ರಸ್ತೆ ಎರಡಡಿ ಎದ್ದಿತು. ಅದರ ಕೆಳಗಿನ ಪೈಪು ಮಾತ್ರ ಅದೇ ಹಳೇ ಪೈಪು, ಅದರಲ್ಲೂ ಅರ್ಧ ಮಣ್ಣು. ರಸ್ತೆ ಆಚೆ ಹಳ್ಳ ಇದ್ದ ಜಾಗದಲ್ಲಿ ಈಗ ಬಾಳೆ ತೋಟ. ಅದರ ಪಕ್ಕ ಗೋಮಾಳ, ಗೋಮಾಳದ ಆಚೆ ನಾಲೆಯ ಬಸಿಗಾಲುವೆ. ನೀರು ಬಸಿಗಾಲುವೆ ಸೇರಬೇಕು ಅಂದರೆ ಇರುವ ದಾರಿ ಒಂದೇ, ಗೋಮಾಳದ ಮೇಲೆ. ಇನ್ನೂರು ಅಡಿ ಅಷ್ಟೇ. ರೈತರೇ ಚಂದಾ ಎತ್ತಿ ಜೆಸಿಬಿ ತರಿಸುತ್ತೇವೆ ಅನ್ನುತ್ತಾರೆ.

ಕೇಳಲು ಹೋಗಿ ನೋಡಿ. ವಿಎ ಹತ್ತಿರ ಹೋದರೆ (ಈಗ ಅವರ ಹೆಸರು ಗ್ರಾಮ ಆಡಳಿತ ಅಧಿಕಾರಿ, ಹೆಸರು ದೊಡ್ಡದಾಯಿತು, ಸರ್ಕಲ್ ಅಷ್ಟೇ ಇದೆ) "ಸರ್ಕಾರಿ ಜಾಗ ಕಣಣ್ಣ, ನಾನು ಹೆಂಗೆ ಅಗೀರಿ ಅಂತ ಹೇಳ್ಲಿ, ತಾಲ್ಲೂಕಾಫೀಸ್ಗೆ ಅರ್ಜಿ ಕೊಡಿ" ಅನ್ನುತ್ತಾರೆ. ತಾಲ್ಲೂಕು ಕಚೇರಿಯಲ್ಲಿ ಸರ್ವೆ ಆಗಲಿ ಅನ್ನುತ್ತಾರೆ. ಸರ್ವೆಯವರು ರಸ್ತೆ ಲೋಕೋಪಯೋಗಿಯದ್ದೋ ಪಂಚಾಯತಿಯದ್ದೋ ಕೇಳಿಕೊಂಡು ಬನ್ನಿ ಅನ್ನುತ್ತಾರೆ. ರಸ್ತೆ ಹೆದ್ದಾರಿ ಆಗಿದ್ದರಂತೂ ಮುಗಿಯಿತು. ನಂಜನಗೂಡು, ಮೈಸೂರು, ತಿ. ನರಸೀಪುರ ದಾಟಿ ಕೊಳ್ಳೇಗಾಲಕ್ಕೆ ಹೋಗುವ 766ನೇ ನಂಬರ್ ರಾಷ್ಟ್ರೀಯ ಹೆದ್ದಾರಿಯ ಒಂದು ಮೋರಿ ಬಗ್ಗೆ ಯಾರನ್ನು ಕೇಳಬೇಕು ಅನ್ನುವುದು ಗೊತ್ತಾಗುವುದಕ್ಕೇ ಒಂದು ಮಳೆಗಾಲ ಬೇಕು. ಕೊನೆಗೆ ಬಸಿಗಾಲುವೆ ನೀರಾವರಿ ನಿಗಮದ್ದು, ಅದಕ್ಕೆ ಹೊರಗಿನ ನೀರು ಬಿಡಲು ಅವರು ಒಪ್ಪಬೇಕು. ಯಾರೂ ಆಗಲ್ಲ ಅನ್ನುವುದಿಲ್ಲ, ಅದೇ ಕಷ್ಟ. ಆಗಲ್ಲ ಅಂದರೆ ಅದನ್ನು ಬರೆದುಕೊಡಿ ಅಂತ ಕೇಳಿ ಮೇಲಿನವರ ಹತ್ತಿರ ಹೋಗಬಹುದಿತ್ತು. "ನೋಡೋಣ" ಅಂದರೆ ಎಲ್ಲಿಗೆ ಹೋಗುವುದು?

ಇಷ್ಟರಲ್ಲಿ ಮುಂದಿನ ಮಳೆ ಬರುತ್ತದೆ.

ಈಗ ಒಂದು ಲೆಕ್ಕ ಹೇಳುತ್ತೇನೆ. ಒಂದು ಎಕರೆ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು ಎರಡು ಲಕ್ಷ ಲೀಟರ್ ನೀರು. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಒಂದು ಎಕರೆಗೆ 40 ಟ್ಯಾಂಕರ್. ನೂರು ಎಕರೆ ಬಯಲಿಗೆ 4,000 ಟ್ಯಾಂಕರ್. ಅರ್ಧ ನೆಲ ಕುಡಿಯಿತು ಅಂತಲೇ ಇಟ್ಟುಕೊಳ್ಳಿ, 2,000 ಟ್ಯಾಂಕರ್ ನೀರು ಹೊರಗೆ ಹೋಗಬೇಕು. ರಸ್ತೆ ಕೆಳಗಿನ ಎರಡಡಿ ಪೈಪಿನಲ್ಲಿ ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ತುಂಬಿ ಹರಿದರೂ ಹತ್ತು ಗಂಟೆ ಹಿಡಿಯುತ್ತದೆ. ಪೈಪಿನಲ್ಲಿ ಅರ್ಧ ಮಣ್ಣು ತುಂಬಿದ್ದರೆ, ಅದರ ಬಾಯಿಗೆ ಪ್ಲಾಸ್ಟಿಕ್ಕು, ತೆಂಗಿನ ಗರಿ ಸಿಕ್ಕಿಕೊಂಡಿದ್ದರೆ ಎಷ್ಟು ದಿನ ಅಂತ ನೀವೇ ಗುಣಿಸಿ. ಇದು ದೇವರ ಮುನಿಸಲ್ಲ. ಒಬ್ಬ ಇಂಜಿನಿಯರ್ ಒಂದು ಹಾಳೆಯಲ್ಲಿ ಬಿಡಿಸಬಹುದಾದ ಲೆಕ್ಕ.

ಇದಕ್ಕೆ ಸರ್ಕಾರ ಕೊಡುವ ಉತ್ತರ ಪರಿಹಾರ. ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ಮಳೆಯಾಶ್ರಿತಕ್ಕೆ 8,500. ಎಕರೆಗೆ ಇಳಿಸಿದರೆ ನೀರಾವರಿ ಗದ್ದೆಗೆ ಹತ್ತಿರ ಹತ್ತಿರ 6,900 ರೂಪಾಯಿ. ಅದೂ ಬೆಳೆ ನೂರಕ್ಕೆ 33 ಪಾಲಾದರೂ ಹಾಳಾಗಿರಬೇಕು, ಎರಡು ಹೆಕ್ಟೇರಿಗಿಂತ ಜಾಸ್ತಿ ಕೊಡುವುದಿಲ್ಲ. ಉಳುಮೆ, ಸಸಿ ಮಡಿ, ನಾಟಿ ಕೂಲಿ, ಗೊಬ್ಬರ ಎಲ್ಲ ಸೇರಿಸಿ 6,900ಕ್ಕೆ ಒಂದು ಎಕರೆ ಭತ್ತ ಯಾರಾದರೂ ಮಾಡಿ ತೋರಿಸಲಿ. ಇನ್ನು ಗುತ್ತಿಗೆಗೆ ಮಾಡಿದವನಿಗೆ ಆ ದುಡ್ಡೂ ಕೈಗೆ ಬರುವುದಿಲ್ಲ, ಪಹಣಿ ಯಾರ ಹೆಸರಲ್ಲಿದೆಯೋ ಅವರ ಖಾತೆಗೆ ಹೋಗುತ್ತದೆ.

ಕಾನೂನು ಇಲ್ಲವಾ ಅಂತ ಕೇಳುತ್ತೀರಿ. ಇದೆ, ಬೇಕಾದಷ್ಟಿದೆ.

1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಂ ತೆಗೆದು ನೋಡಿ. ನದಿ, ಹಳ್ಳ, ನಾಲೆ, ಕೆರೆ, ಹರಿಯುವ ನೀರು, ನಿಂತ ನೀರು, ರಸ್ತೆ, ರಸ್ತೆ ಪಕ್ಕದ ಗುಂಡಿ ಚರಂಡಿ ಎಲ್ಲವೂ ಸರ್ಕಾರದ ಆಸ್ತಿ. ಅಂದರೆ ಹಳ್ಳದ ಯಜಮಾನ ಸರ್ಕಾರ. ಯಜಮಾನನ ಕೆಲಸ ಏನು? ತನ್ನ ಹಳ್ಳ ಎಲ್ಲಿದೆ, ಎಷ್ಟು ಅಗಲ ಇದೆ, ಯಾರು ಮುಚ್ಚಿದರು ಅಂತ ನೋಡಿಕೊಳ್ಳುವುದು. ನಿಮ್ಮ ಪಹಣಿಯ ಮೂರನೇ ಕಾಲಂ ನೋಡಿ, ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು (ಎ), ಖರಾಬು (ಬಿ) ಅಂತ ಇರುತ್ತದೆ. ಎ ಅಂದರೆ ಬಂಡೆ, ಕಲ್ಲು, ಸಾಗುವಳಿಗೆ ಬಾರದ್ದು. ಬಿ ಅಂದರೆ ಹಳ್ಳ, ದಾರಿ, ಸಾರ್ವಜನಿಕರದ್ದು. ನಿಮ್ಮ ಸರ್ವೆ ನಂಬರಿನೊಳಗೇ ಇದ್ದರೂ ಬಿ ಖರಾಬು ನಿಮ್ಮದಲ್ಲ. ಎರಡು ಗುಂಟೆ ಬಿ ಖರಾಬು ಅಂತ ಪಹಣಿಯಲ್ಲಿ ಇದೆ, ಜಮೀನಿನಲ್ಲಿ ಹುಡುಕಿದರೆ ಹಳ್ಳವೇ ಇಲ್ಲ ಅನ್ನುವ ಕತೆ ಎರಡೂ ತಾಲ್ಲೂಕಿನಲ್ಲಿ ಬೇಕಾದಷ್ಟು ಸಿಗುತ್ತದೆ.

1882ರ ಅನುಭೋಗ ಹಕ್ಕಿನ ಕಾಯ್ದೆ ಇನ್ನೂ ಹಳೇದು. ಮೇಲಿನ ಜಮೀನಿನಲ್ಲಿ ತಾನಾಗಿ ಬಿದ್ದ, ತಾನಾಗಿ ಹುಟ್ಟಿದ ನೀರು ಸಹಜವಾಗಿ ಕೆಳಗಿನ ಜಮೀನಿಗೆ ಇಳಿದು ಹೋಗುವುದಕ್ಕೆ ಕೆಳಗಿನವನು ಬಿಡಬೇಕು ಎಂದು ಅದರ 7ನೇ ಕಲಂ ಹೇಳುತ್ತದೆ. ಆದರೆ ಒಬ್ಬರ ಜಾಗದ ಮೇಲೆ ಕಾಲುವೆ ತೆಗೆದುಕೊಂಡು ಅನುಭವದಿಂದ ಹಕ್ಕು ಪಡೆಯಬೇಕಾದರೆ ಖಾಸಗಿ ಜಾಗಕ್ಕೆ 20 ವರ್ಷ, ಸರ್ಕಾರಿ ಜಾಗಕ್ಕೆ 30 ವರ್ಷ. ನೋಡಿದಿರಾ? ಪಕ್ಕದ ಮನೆಯವನಿಗಿಂತ ಸರ್ಕಾರದ ಹತ್ತಿರ ಹತ್ತು ವರ್ಷ ಜಾಸ್ತಿ ಕಾಯಬೇಕು.

ನನಗೆ ಆಶ್ಚರ್ಯ ಆದದ್ದು ರೈಲ್ವೆ ಕಾಯ್ದೆ ಓದಿದಾಗ. 1989ರ ರೈಲ್ವೆ ಕಾಯ್ದೆಯ 16ನೇ ಕಲಂ ಪ್ರಕಾರ, ಹಳಿ ಹಾಕುವಾಗ ಅಕ್ಕಪಕ್ಕದ ಜಮೀನಿನ ನೀರು ಹಳಿ ಬರುವ ಮುಂಚೆ ಎಷ್ಟು ಸಲೀಸಾಗಿ ಹರಿಯುತ್ತಿತ್ತೋ ಆದಷ್ಟು ಅಷ್ಟೇ ಸಲೀಸಾಗಿ ಹರಿಯುವಂತೆ ಮೋರಿ, ಕಾಲುವೆಗಳನ್ನು ರೈಲ್ವೆಯೇ ಕಟ್ಟಿಕೊಡಬೇಕು, ನೋಡಿಕೊಳ್ಳಬೇಕು. ಬ್ರಿಟಿಷರ 1890ರ ಕಾಯ್ದೆಯಲ್ಲೂ ಇದೇ ಇತ್ತು. ಮೈಸೂರಿನಿಂದ ನಂಜನಗೂಡಿನ ಮೇಲೆ ಚಾಮರಾಜನಗರಕ್ಕೆ ಹೋಗುವ ಹಳಿಗೂ ಈ ಮಾತು ಅನ್ವಯ. ನೂರಮೂವತ್ತು ವರ್ಷದ ಹಿಂದೆ ಪರದೇಶದವನಿಗೆ ಹೊಳೆದದ್ದು ನಮ್ಮ ರಸ್ತೆ ಇಲಾಖೆಗೆ, ಬಡಾವಣೆ ಮಂಜೂರು ಮಾಡುವವರಿಗೆ ಯಾಕೆ ಹೊಳೆಯಲಿಲ್ಲ? ನಾನು ಕೇಳುವುದು ಇದಿಷ್ಟೇ: ರೈಲ್ವೆಗೆ ಹಾಕಿದ ಶರತ್ತನ್ನು ಊರಿನ ರಸ್ತೆಗೂ, ಲೇಔಟಿಗೂ, ಕೈಗಾರಿಕಾ ಪ್ರದೇಶಕ್ಕೂ, ನಾಲೆ ಏರಿಗೂ ಹಾಕಿ. ಮೊದಲು ನೀರು ಹೇಗೆ ಹೋಗುತ್ತಿತ್ತೋ ಹಾಗೆ ಹೋಗಬೇಕು. ಇಲ್ಲದಿದ್ದರೆ ಗುತ್ತಿಗೆದಾರನ ಬಿಲ್ ಪಾಸ್ ಮಾಡಬೇಡಿ.

ಇನ್ನೊಂದು ವಿಚಿತ್ರ ನೋಡಿ. ಸರ್ಕಾರಿ ಜಾಗವನ್ನು ಉಳುಮೆ ಮಾಡಿಕೊಂಡವನಿಗೆ ಸಕ್ರಮಕ್ಕೆ ಅರ್ಜಿ ನಮೂನೆ ಇದೆ. 1991ರಲ್ಲಿ ನಮೂನೆ 50, ಆಮೇಲೆ ನಮೂನೆ 53, 2018ರಲ್ಲಿ ನಮೂನೆ 57. ಮನೆ ಕಟ್ಟಿಕೊಂಡವನಿಗೆ 94ಸಿ ಇದೆ. ಭೂಮಿ ಇಲ್ಲದ ಬಡವನಿಗೆ ಭೂಮಿ ಸಿಗಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ "ಜಾಗ ನಿಮ್ಮ ಹತ್ತಿರವೇ ಇರಲಿ ಸ್ವಾಮಿ, ಅದರ ಮೇಲೆ ನೀರು ಹಾದುಹೋಗಲು ಬಿಡಿ ಸಾಕು" ಅನ್ನುವವನಿಗೆ ಒಂದು ನಮೂನೆಯೂ ಇಲ್ಲ! ಜಾಗವನ್ನೇ ಕೇಳಿದರೆ ಸಮಿತಿ ಕೂರುತ್ತದೆ, ಶಾಸಕರೇ ಅಧ್ಯಕ್ಷರು. ದಾರಿ ಕೇಳಿದರೆ ಕೂರಲು ಕುರ್ಚಿಯೂ ಕೊಡುವುದಿಲ್ಲ.

ಹಾಗಾದರೆ ಏನು ಬೇಕು? ಗೋಮಾಳ, ಪಂಚಾಯತಿ ಜಾಗ, ರಸ್ತೆ ಅಂಚು, ನಾಲೆ ಅಂಚು, ಶಾಲೆ ಹಿಂದಿನ ಜಾಗ, ಯಾವುದೇ ಸರ್ಕಾರಿ ಜಮೀನಿನ ಮೇಲೆ ಮಳೆ ನೀರು ಹಾಯಿಸುವ ಹಕ್ಕನ್ನು ಬರವಣಿಗೆಯಲ್ಲಿ ಕೊಡಬೇಕು. ಎಷ್ಟು ಅಗಲ, ಎಷ್ಟು ಆಳ, ಎಲ್ಲಿಂದ ಎಲ್ಲಿಗೆ, ಹೂಳು ಯಾರು ತೆಗೆಯುತ್ತಾರೆ ಎಲ್ಲವೂ ಆದೇಶದಲ್ಲಿರಬೇಕು. ಆ ಹಕ್ಕು ಪಹಣಿಯಲ್ಲಿ, ಗ್ರಾಮ ನಕಾಶೆಯಲ್ಲಿ ಏರಬೇಕು. ನೆಲದ ಒಡೆತನ ಸರ್ಕಾರದ್ದೇ ಆಗಿರಲಿ. ಅರ್ಜಿ ಕೊಡುವುದು ತಹಶೀಲ್ದಾರರಿಗೆ ಒಬ್ಬರಿಗೇ. ಲೋಕೋಪಯೋಗಿ, ನಿಗಮ, ಪಂಚಾಯತಿ ಇವರನ್ನೆಲ್ಲ ಒಂದೇ ದಿನ ಸ್ಥಳಕ್ಕೆ ಕರೆಸುವುದು ಅವರ ಕೆಲಸ, ರೈತನ ಕೆಲಸ ಅಲ್ಲ. ಸಕಾಲ ಕಾಯ್ದೆ 2011ರಿಂದ ಇದೆ, ಜಾತಿ ಪ್ರಮಾಣಪತ್ರಕ್ಕೆ ದಿನ ಗೊತ್ತು ಮಾಡಿದ ಹಾಗೆ ಇದಕ್ಕೂ ದಿನ ಗೊತ್ತು ಮಾಡಿ. ಕೊಡಲಾಗದಿದ್ದರೆ ಕಾರಣ ಬರೆದುಕೊಡಿ.

ಇದು ಆಗದ ಮಾತೇನೂ ಅಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ 1906ರ ಮಾಮಲೇದಾರರ ಕೋರ್ಟ್ ಕಾಯ್ದೆ ಇವತ್ತಿಗೂ ನಡೆಯುತ್ತಿದೆ. ಸಾಗುವಳಿ ಜಮೀನಿನ ಮಳೆ ನೀರಿನ ಸಹಜ ಹರಿವಿಗೆ ಯಾರಾದರೂ ಅಡ್ಡ ಕಟ್ಟಿದರೆ ಆರು ತಿಂಗಳೊಳಗೆ ತಹಶೀಲ್ದಾರರ ಮುಂದೆ ದಾವೆ ಹಾಕಬಹುದು. ಅವರೇ ವಿಚಾರಿಸಿ ಅಡ್ಡಿ ತೆಗೆಸುತ್ತಾರೆ, ಸಿವಿಲ್ ಕೋರ್ಟಿಗೆ ವರ್ಷಗಟ್ಟಲೆ ಅಲೆಯಬೇಕಿಲ್ಲ. ನಮ್ಮಲ್ಲೂ ಜಮೀನಿಗೆ ಹೋಗುವ ದಾರಿ ವಿಷಯದಲ್ಲಿ 2023ರಲ್ಲಿ ಕಂದಾಯ ಇಲಾಖೆ ಸುತ್ತೋಲೆ ಹೊರಡಿಸಿ, ನಕಾಶೆಯಲ್ಲಿರುವ ಕಾಲುದಾರಿ ಬಂಡಿದಾರಿ ಮುಚ್ಚಿದ್ದರೆ ತೆರವು ಮಾಡಿಸಿ ಎಂದು ತಹಶೀಲ್ದಾರರಿಗೆ ಹೇಳಿತು. ಮನುಷ್ಯ, ಎತ್ತು, ಟ್ರ್ಯಾಕ್ಟರ್ ಹೋಗಲು ದಾರಿ ಬೇಕು ಅನ್ನುವುದು ಅರ್ಥವಾಗಿದೆ. ನೀರಿನ ವಿಷಯಕ್ಕೂ ಅಂಥದೇ ಒಂದು ಸುತ್ತೋಲೆ ಹೊರಡಿಸಲು ಎಷ್ಟು ಹಾಳೆ ಬೇಕು?

ರಾಜಕಾಲುವೆ ಅನ್ನುವ ಪದ ಎಲ್ಲರಿಗೂ ಗೊತ್ತು. 2022ರಲ್ಲಿ ಬೆಂಗಳೂರಿನ ಐಟಿ ಕಂಪನಿಗಳ ರಸ್ತೆ ಮುಳುಗಿದಾಗ ದೇಶವೆಲ್ಲ ಕಲಿತ ಪದ ಅದು. ಜೆಸಿಬಿ ಬಂತು, ಗುರುತು ಹಾಕಿದರು, ಕೆಲವು ಕಡೆ ಕೆಡವಿದರು, ಕೆಲವು ಕಡೆ ನಿಲ್ಲಿಸಿದರು. ಅದು ಸರಿಯೋ ತಪ್ಪೋ ಬೇರೆ ಮಾತು. ನಮ್ಮ ಹಳ್ಳಿಯ ಹಳ್ಳಕ್ಕೆ ಒಂದು ಟೇಪು ಹಿಡಿದುಕೊಂಡು ಬಂದವರನ್ನೂ ನಾನು ಕಂಡಿಲ್ಲ.

ಇದಕ್ಕೆ ಅಡ್ಡ ಮಾತು ಆಡುವವರು ಇದ್ದಾರೆ. ಮೊದಲನೆಯದು ದುಡ್ಡು. ಉದ್ಯೋಗ ಖಾತ್ರಿಯ ಕೆಲಸಗಳ ಪಟ್ಟಿಯಲ್ಲೇ ನೆರೆ ತಡೆಯುವ ಕೆಲಸ, ಜೌಗು ಜಮೀನಿನ ನೀರು ಹೊರಹಾಕುವ ಕಾಲುವೆ ಸೇರಿಸಿದ್ದರು, ಆದ್ದರಿಂದ ದುಡ್ಡಿನ ಮಾತು ಇಲ್ಲಿಗೆ ಸಾಕು.

ಎರಡನೆಯದು, ಕಾಲುವೆ ಹೆಸರಲ್ಲಿ ಸರ್ಕಾರಿ ಜಾಗ ನುಂಗುತ್ತಾರೆ ಅನ್ನುವುದು. ನುಂಗುವವರು ಈಗಲೂ ನುಂಗುತ್ತಿದ್ದಾರೆ, ಕಾಲುವೆ ಇಲ್ಲದೆಯೇ. ಅಳತೆ ಮಾಡಿ ಕಲ್ಲು ನೆಟ್ಟು ಪಹಣಿಗೆ ಏರಿಸಿದ ಕಾಲುವೆಯನ್ನು ನುಂಗುವುದು ಕಷ್ಟ, ನಕಾಶೆಯಲ್ಲಿ ಮಾತ್ರ ಇರುವ ಹಳ್ಳವನ್ನು ನುಂಗುವುದು ಸುಲಭ. ಮತ್ತೆ, ಹಳ್ಳದ ಮೇಲೆ ಬಾಳೆ ತೆಂಗು ಹಾಕಿರುವವರು ಹೊರಗಿನವರಲ್ಲ, ನಮ್ಮ ಅಣ್ಣತಮ್ಮಂದಿರೇ. ಅವರ ಬಗ್ಗೆ ಊರಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮದುವೆಗೆ ಕರೆಯಬೇಕು, ಸೊಸೈಟಿ ಎಲೆಕ್ಷನ್‌ಗೆ ವೋಟು ಬೇಕು. ಕೇರಿಗೆ ನೀರು ನುಗ್ಗಿದಾಗ ಮಾತ್ರ "ಸರ್ಕಾರ ಏನ್ ಮಾಡ್ತಾ ಅದೆ" ಅನ್ನುತ್ತಾರೆ. ಒತ್ತುವರಿ ತೆರವು ಅಂತ ಬಂದರೆ ಒಂದು ಎಕರೆಯವನ ಎರಡು ಸಾಲು ಬಾಳೆ ಕಿತ್ತು, ಇಪ್ಪತ್ತು ಎಕರೆಯವನ ಕಾಂಪೌಂಡ್ ಬಿಡಬಾರದು, ಅಷ್ಟು ಹೇಳುತ್ತೇನೆ.

ಮೂರನೆಯ ಮಾತು ಗಟ್ಟಿಯಾದದ್ದು. ನಿಮ್ಮ ನೀರು ನಮ್ಮ ಊರಿಗೆ ತಂದು ಬಿಡುತ್ತೀರಾ ಅಂತ ಕೆಳಗಿನ ಊರಿನವರು ಕೇಳುತ್ತಾರೆ. ಅವರು ಕೇಳುವುದು ನ್ಯಾಯ. ಸಹಜವಾಗಿ ಹರಡಿಕೊಂಡು ಇಳಿಯುವ ನೀರು ಬೇರೆ, ಎಲ್ಲವನ್ನೂ ಒಂದು ಕಾಲುವೆಗೆ ಸೇರಿಸಿ ಒಬ್ಬನ ಬದುವಿನ ಮೇಲೆ ಬಿಡುವುದು ಬೇರೆ. ಎರಡನೆಯದನ್ನು ಯಾವ ಕಾನೂನೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಹಾಗಾಗಿ ಕಾಲುವೆ ಇನ್ನೊಬ್ಬನ ಗದ್ದೆ ಅಂಚಿನಲ್ಲಿ ಮುಗಿಯುವ ಹಾಗಿಲ್ಲ, ಹಳ್ಳ, ಕೆರೆ ಅಥವಾ ನದಿಗೇ ಸೇರಬೇಕು. ಕೆಲಸವೂ ಕೆಳಗಿನಿಂದ ಮೇಲಕ್ಕೆ ಬರಬೇಕು. ನದಿ ಬಾಯಿಯಿಂದ ಹೂಳು ತೆಗೆಯುತ್ತ ಮೇಲಕ್ಕೆ ಬಂದರೆ ಯಾರೂ ಮುಳುಗುವುದಿಲ್ಲ. ಮೇಲಿನ ಊರಿನ ಪ್ರಭಾವಿಗಳು ಮೊದಲು ತಮ್ಮ ಕಾಲುವೆ ಮಾಡಿಸಿಕೊಂಡರೆ ಕೆಳಗಿನ ಊರು ಕೆರೆ ಆಗುತ್ತದೆ. ಹಕ್ಕು ಕೊಡುವ ಮುಂಚೆ ಕೆಳಗಿನ ಊರಿನಲ್ಲಿ ಗ್ರಾಮಸಭೆ ಮಾಡಿ, ನಕಾಶೆ ಬಿಡಿಸಿ, ಅವರ ತಕರಾರು ಬರೆದುಕೊಳ್ಳಬೇಕು.

ನದಿ ತುಂಬಿದಾಗ ಈ ಕಾಲುವೆ ಕೆಲಸಕ್ಕೆ ಬರುವುದಿಲ್ಲ ಅಂತಲೂ ಕೆಲವರು ಹೇಳುತ್ತಾರೆ. ಕಬಿನಿ ಎದ್ದಾಗ ಹಳ್ಳದ ನೀರು ಹೊರಗೆ ಹೋಗುವುದಿರಲಿ, ನದಿ ನೀರೇ ಹಳ್ಳದಲ್ಲಿ ಹಿಂದಕ್ಕೆ ಏರುತ್ತದೆ. ನಂಜನಗೂಡಿನಲ್ಲಿ ಗುಂಡ್ಲು ಹೊಳೆ ಕಬಿನಿ ಸೇರುವ ಕಡೆ, ತಿ. ನರಸೀಪುರದಲ್ಲಿ ಕಬಿನಿ ಕಾವೇರಿ ಸೇರುವ ಕಡೆ ತಗ್ಗಿನವರಿಗೆ ಇದು ಗೊತ್ತಿರುವ ಮಾತು. ಅಂಥ ಕಡೆ ಹಳ್ಳದ ಬಾಯಿಗೆ ಬಾಗಿಲು ಬೇಕು, ಇಲ್ಲವೇ ಮನೆಗಳನ್ನು ಎತ್ತರದ ಜಾಗಕ್ಕೆ ಸಾಗಿಸಬೇಕು. ನದಿ ಅಷ್ಟು ಎತ್ತರಕ್ಕೆ ಏರುವುದು ಮಳೆಗಾಲದ ಕೆಲವು ದಿನ. ಉಳಿದ ತಿಂಗಳುಗಳ ಮಳೆಗೆ ಇದು ನೆಪ ಆಗಬಾರದು.

ಮೊದಲು ಊರೂರಿಗೂ ನೀರುಗಂಟಿ ಅಂತ ಒಬ್ಬರು ಇರುತ್ತಿದ್ದರು. ಯಾವ ತೂಬು ಯಾವಾಗ ತೆಗೆಯಬೇಕು, ಕೋಡಿ ನೀರು ಎಲ್ಲಿ ಇಳಿಯುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆಯಲ್ಲಿ ತೆಗೆದರು, ತೆಗೆದದ್ದು ಒಳ್ಳೆಯದೇ, ಅದರೊಳಗೆ ಜಾತಿಯ ಬಿಟ್ಟಿ ಚಾಕರಿ ಇತ್ತು. ಆದರೆ ಆ ಕೆಲಸವನ್ನು ಸಂಬಳ ಕೊಟ್ಟು ಮಾಡಿಸುವ ಯೋಚನೆ ಯಾರಿಗೂ ಬರಲಿಲ್ಲ. ಹಾಲೆಂಡಿನಲ್ಲಿ ನೀರಿನ ಕಾಲುವೆ ನೋಡಿಕೊಳ್ಳಲೆಂದೇ ಜನ ವೋಟು ಹಾಕಿ ಆರಿಸುವ ಮಂಡಳಿಗಳಿವೆ, 13ನೇ ಶತಮಾನದಿಂದ. ನಮಗೆ ಮಂಡಳಿ ಬೇಡ, ಪಂಚಾಯತಿಗೊಬ್ಬರು ಸಾಕು.

ಈ ಮುಂಗಾರಿಗೆ ಮುಂಚೆ ನೀವು ಮಾಡಬಹುದಾದದ್ದು ಹೇಳುತ್ತೇನೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ನೀರು ನಿಲ್ಲುವ ಜಾಗದಲ್ಲಿ ನಿಂತು ಸರ್ವೆ ನಂಬರ್ ನೋಡಿ. ಭೂದಾಖಲೆ ಇಲಾಖೆಯ ವೆಬ್‌ಸೈಟಿನಿಂದ ಗ್ರಾಮ ನಕಾಶೆ ಇಳಿಸಿಕೊಂಡು ಹಳ್ಳದ ಗೆರೆ ಎಲ್ಲಿ ಹೋಗಿದೆ ಗುರುತು ಹಾಕಿ. ಆ ಸರ್ವೆ ನಂಬರುಗಳ ಪಹಣಿ ತೆಗೆಸಿ ಬಿ ಖರಾಬು ಎಷ್ಟಿದೆ ಬರೆದುಕೊಳ್ಳಿ. ಮಳೆ ಬಂದಾಗ ಅದೇ ಜಾಗದ ಫೋಟೊ ತೆಗೆಯಿರಿ. ಇದೆಲ್ಲ ಸೇರಿಸಿ ಹತ್ತು ಜನ ಸಹಿ ಹಾಕಿ ತಹಶೀಲ್ದಾರರಿಗೆ ಒಂದು ಅರ್ಜಿ, ಅದರ ನಕಲು ಉಪವಿಭಾಗಾಧಿಕಾರಿಗೆ. ಸಾರ್ವಜನಿಕರ ದಾರಿಗೆ, ಹೊಳೆಗೆ, ಕಾಲುವೆಗೆ ಅಡ್ಡಿ ಮಾಡಿದ್ದನ್ನು ತೆಗೆಸುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂನಲ್ಲಿ ಅವರಿಗಿದೆ, ಹಳೇ ಸಿಆರ್‌ಪಿಸಿಯ 133 ಅದೇ. ಕಲಂ ನಂಬರ್ ಅರ್ಜಿಯಲ್ಲೇ ಬರೆಯಿರಿ. ಬಾಯಲ್ಲಿ ಹೇಳಿ ಬರಬೇಡಿ, ಸ್ವೀಕೃತಿ ತೆಗೆದುಕೊಳ್ಳದೆ ಕೌಂಟರ್ ಬಿಟ್ಟು ಏಳಬೇಡಿ.

ಸ್ವೀಕೃತಿಯ ಫೋಟೊ ನಮಗೂ ವಾಟ್ಸ್ಆ್ಯಪ್ ಮಾಡಿ. ನಂಜನಗೂಡಿನಿಂದ ಎಷ್ಟು ಅರ್ಜಿ ಹೋದವು, ತಿ. ನರಸೀಪುರದಿಂದ ಎಷ್ಟು, ಯಾವುದಕ್ಕೆ ಎಷ್ಟನೇ ದಿನ ಉತ್ತರ ಬಂತು ಅಂತ ತಾರೀಖು ಸಮೇತ ಇಲ್ಲೇ ಹಾಕುತ್ತೇವೆ.